ಮುಕ್ಕಾಲು ನಿಮಿಷದ ಮದ್ದು

ಮಳೆ ಹಿಡಿಯುತ್ತಿದ್ದಂತೆ ಅಪ್ಪ ಹಾಲುವಾಣದ ಕೊಂಬೆಯನ್ನು ಓರೆಯಾಗಿ ಕಡಿದು ಕಾಫಿ ಸಾಲಿನ ನಡುವೆ ಊರಿಬಿಡುತ್ತಿದ್ದರು. ಮುಂದಿನದು ಅವರ ತಲೆನೋವಲ್ಲ, ಅದರ ಪಾಡಿಗೆ ಅದು ಬೇರು ಬಿಟ್ಟು ಚಿಗುರುತ್ತಿತ್ತು. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಆರು ವರ್ಷ ಬೇರು ಮತ್ತು ಹಾರ್ಮೋನುಗಳ ಮೇಲೆಯೇ ಕೆಲಸ ಮಾಡಿ ಕೊಡಗಿನ ನಾಪೋಕ್ಲು ಹತ್ತಿರದ ಮನೆಗೆ ಮರಳಿದ ನಾನು, ಪೊದೆ ಮೆಣಸಿಗೆಂದು, ಅಂದರೆ ಕುಂಡದಲ್ಲಿ ಪೊದೆಯಾಗಿ ಬೆಳೆಸುವ ಕರಿಮೆಣಸಿಗೆಂದು, ಬಳ್ಳಿಯ ಅಡ್ಡ ಕೊಂಬೆಯ ಐವತ್ತು ತುಂಡುಗಳನ್ನು ನೆಟ್ಟೆ. ಒಂದರಲ್ಲೂ ಬೇರು ಇಳಿಯಲಿಲ್ಲ. "ನೀನು ಓದಿದ್ದು ಬೇರಿನ ಬಗ್ಗೆಯೋ, ಬೇರೆ ಯಾವುದರ ಬಗ್ಗೆಯೋ?" ಎಂದು ಅಪ್ಪ ಕೇಳಿದರು.

ಕರಿಮೆಣಸು ಬೇರು ಬಿಡುವುದೇನೂ ಕಷ್ಟವಲ್ಲ ಎನ್ನುವವರು ಹಬ್ಬು ಬಳ್ಳಿಯನ್ನು ಮಾತ್ರ ನೋಡಿದವರು. ಬುಡದಿಂದ ಹೊರಟು ನೆಲದ ಮೇಲೆ ಹರಿಯುವ ಆ ಬಳ್ಳಿಯ ಗೆಣ್ಣುಗೆಣ್ಣಿನಲ್ಲೂ ಬೇರು ಹೊರಡಲು ಕಾಯುತ್ತಿರುತ್ತದೆ. ಅದಕ್ಕೇ ಅದು ಮಣ್ಣಿಗೆ ತಾಗದಂತೆ ಸುರುಳಿ ಸುತ್ತಿ ಕೋಲಿಗೆ ಕಟ್ಟಿಡುತ್ತೇವೆ. ಫಲ ಕೊಡುವ ಅಡ್ಡ ಕೊಂಬೆಯ ಜಾತಕವೇ ಬೇರೆ. ಅದರ ಗೆಣ್ಣಿನಲ್ಲಿ ಬೇರಿಲ್ಲ, ಅದು ಮರ ಹತ್ತುವುದೂ ಇಲ್ಲ. ಆದರೆ ಹೇಗಾದರೂ ಬೇರು ಬರಿಸಿದರೆ ಕುಂಡದಲ್ಲೇ ಪೊದೆಯಾಗಿ ಕಾಯಿ ಬಿಡುತ್ತದೆ. ಬಳ್ಳಿ ಹಬ್ಬಿಸಲು ಸಿಲ್ವರ್ ಓಕ್ ಮರವೂ ಬೇಡ, ಏಣಿಯೂ ಬೇಡ. ಏಣಿ ಹತ್ತಿ ಮೆಣಸು ಕೊಯ್ಯುವವರು ಸಿಗದೆ ಪರದಾಡಿದವರಿಗೆ ಇದರ ಆಸೆ ಅರ್ಥವಾಗುತ್ತದೆ.

ಬೇರು ಬರಿಸುವ ಹಾರ್ಮೋನ್ ಆಕ್ಸಿನ್. ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ 1880ರಲ್ಲಿ ಹುಲ್ಲಿನ ಮೊಳಕೆ ಬೆಳಕಿನತ್ತ ಬಾಗುವುದನ್ನು ವಿವರಿಸುತ್ತಾ, ತುದಿಯಿಂದ ಏನೋ ಒಂದು ಪ್ರಭಾವ ಕೆಳಗಿಳಿಯುತ್ತದೆ ಎಂದಿದ್ದರು. ಆ 'ಏನೋ ಒಂದನ್ನು' 1920ರ ದಶಕದಲ್ಲಿ ಸಸ್ಯವಿಜ್ಞಾನಿ ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕೆಯ ತುದಿಯಿಂದ ಅಗರ್ ಎಂಬ ಜೆಲ್ಲಿಯ ತುಂಡಿಗೆ ಇಳಿಸಿ ತೋರಿಸಿದರು. ಎಳೆಯ ಎಲೆ ಮತ್ತು ಕುಡಿಗಳಲ್ಲಿ ತಯಾರಾಗುವ ಆಕ್ಸಿನ್ ಕಾಂಡದಲ್ಲಿ ಬುಡದ ಕಡೆಗೇ ಹರಿಯುತ್ತದೆ. ತುಂಡು ಕತ್ತರಿಸಿದಾಗ ಮುಂದೆ ದಾರಿಯಿಲ್ಲದೆ ಕಡಿದ ಜಾಗದಲ್ಲಿ ಶೇಖರವಾಗುತ್ತದೆ, ಅಲ್ಲೇ ಬೇರು ಮೂಡುತ್ತದೆ. ತುಂಡನ್ನು ತಲೆಕೆಳಗಾಗಿ ನೆಟ್ಟರೂ ಅದರ ಪಾಲಿಗೆ ಬುಡ ಬುಡವೇ.

ಹಾಗಾದರೆ ನನ್ನ ಐವತ್ತು ತುಂಡುಗಳಿಗೆ ಏನಾಯಿತು? ನೆಡುವ ಮುಂಚೆ ಬುಡವನ್ನು ಹಾರ್ಮೋನ್ ದ್ರಾವಣದಲ್ಲಿ ಸರಿಯಾಗಿಯೇ ಅದ್ದಿದ್ದೆ. ತಪ್ಪು ಮಾಡಿದ್ದು ಆಮೇಲೆ. ಬೇರು ಬರಲು ಹಟ ಮಾಡುವ ಕೊಂಬೆ, ಇನ್ನಷ್ಟು ಬಲ ಬೇಕು ಎಂದುಕೊಂಡು, ಮೇಲುಗೊಬ್ಬರ ಕೊಟ್ಟಂತೆ ವಾರಕ್ಕೊಮ್ಮೆ ಹಾರ್ಮೋನ್ ಬೆರೆಸಿದ ನೀರು ಹಾಕಿದೆ. ನಲವತ್ತು ದಿನದ ಮೇಲೆ ಕಿತ್ತು ನೋಡಿದರೆ ಬುಡ ಊದಿಕೊಂಡಿತ್ತು. ಸಾಸಿವೆಯಷ್ಟು ಬಿಳಿ ಗುಳ್ಳೆಗಳು, ಅಂದರೆ ಹುಟ್ಟಿ ನಿಂತ ಬೇರುಗಳು. ಒಂದೂ ಉದ್ದವಾಗಿರಲಿಲ್ಲ. ಕೆಲವಂತೂ ಕಪ್ಪಾಗಿ ಕೊಳೆತಿದ್ದವು.

ಇದನ್ನು ನಾನು ಮೊದಲೇ ಕಂಡಿದ್ದೆ ಎಂಬುದೇ ನಾಚಿಕೆಯ ಸಂಗತಿ. ಪ್ರಯೋಗಾಲಯದಲ್ಲಿ ಸಾಸಿವೆಯ ಬಂಧುವಾದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡವನ್ನು ಅಗರ್ ತಟ್ಟೆಯಲ್ಲಿ ನೆಟ್ಟಗೆ ನಿಲ್ಲಿಸಿ ಬೆಳೆಸುತ್ತಿದ್ದೆವು. ಆಕ್ಸಿನ್ ಬೆರೆಸಿದ ತಟ್ಟೆಯಲ್ಲಿ ತಾಯಿಬೇರು ಕುಳ್ಳಾಗಿ, ಪಕ್ಕದ ಬೇರುಗಳೂ ರೋಮಗಳೂ ಕಿಕ್ಕಿರಿದು ಸವೆದ ಪೊರಕೆಯಂತೆ ಕಾಣುತ್ತಿತ್ತು. ಬೇರು ಹುಟ್ಟಲು ಆಕ್ಸಿನ್ ಹೆಚ್ಚು ಬೇಕು, ಹುಟ್ಟಿದ ಬೇರು ಉದ್ದವಾಗಲು ತೀರಾ ಕಡಿಮೆ ಸಾಕು. ಮಿತಿ ಮೀರಿದರೆ ಗಿಡ ಎಥಿಲೀನ್ ಅನಿಲವನ್ನು ಹೆಚ್ಚಾಗಿ ತಯಾರಿಸುತ್ತದೆ, ಬೇರಿನ ಓಟ ಅಲ್ಲಿಗೇ ನಿಲ್ಲುತ್ತದೆ. ಪ್ರಬಂಧದಲ್ಲಿ ಇದರ ನಕ್ಷೆಯನ್ನು ನಾನೇ ಬರೆದಿದ್ದೆ. ತೋಟಕ್ಕೆ ಬಂದ ಕೂಡಲೇ ಗೊಬ್ಬರ ಹಾಕುವವನ ಬುದ್ಧಿ ಬಂದುಬಿಟ್ಟಿತು!

ಎರಡನೆಯ ಸಲ ಕೊಯ್ಲು ಮುಗಿದ ಮೇಲೆ, ಚೆನ್ನಾಗಿ ಫಸಲು ಕೊಟ್ಟ ಬಳ್ಳಿಗಳಿಂದ ಸುಮಾರು ಒಂದು ವರ್ಷದ ಅಡ್ಡ ಕೊಂಬೆಗಳನ್ನು ಬೆಳಿಗ್ಗೆಯೇ ಕತ್ತರಿಸಿದೆ. ಪ್ರತಿ ತುಂಡಿಗೆ ಮೂರರಿಂದ ಐದು ಗೆಣ್ಣು, ತುದಿಯಲ್ಲಿ ಒಂದೇ ಎಲೆ. ಎಲೆ ಪೂರ್ತಿ ತೆಗೆದರೆ ಬೇರಿಗೆ ಆಹಾರವಿಲ್ಲ, ಎಲ್ಲವನ್ನೂ ಬಿಟ್ಟರೆ ನೀರು ಕಳೆದುಕೊಂಡು ಬಾಡುತ್ತದೆ. ಹಾರ್ಮೋನಾಗಿ ಬಳಸಿದ್ದು ಇಂಡೋಲ್ ಬ್ಯುಟಿರಿಕ್ ಆಮ್ಲ, ಅಂದರೆ ಐಬಿಎ. ಗಿಡದ ಮುಖ್ಯ ಆಕ್ಸಿನ್ ಆದ ಐಎಎ ಬೆಳಕಿಗೆ ಬೇಗ ಹಾಳಾಗುತ್ತದೆ, ಐಬಿಎ ಹೆಚ್ಚು ಬಾಳಿಕೆಯದು. ಅದು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲವಾದ್ದರಿಂದ ಒಂದು ಗ್ರಾಮನ್ನು ಮೊದಲು ಸ್ವಲ್ಪ ಆಲ್ಕೋಹಾಲಿನಲ್ಲಿ ಕರಗಿಸಿ, ಕಲಕುತ್ತಾ ನೀರು ಸೇರಿಸಿ ಒಂದು ಲೀಟರ್ ಮಾಡಿದೆ. ಇದೇ 1000 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು. ಬುಡವನ್ನು 45 ಸೆಕೆಂಡು ಅದ್ದುವುದು, ತೆಗೆಯುವುದು. ಆಮೇಲೆ ಹಾರ್ಮೋನಿನ ಡಬ್ಬಿಯನ್ನು ಅಟ್ಟದ ಮೇಲಿಟ್ಟೆ, ನನ್ನ ಕೈಗೆ ಸುಲಭವಾಗಿ ಸಿಗಬಾರದೆಂದು.

ನೆಟ್ಟಿದ್ದು ತೆಂಗಿನ ನಾರಿನ ಪುಡಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ. ನರ್ಸರಿ ನೋಡಿಕೊಳ್ಳುವ ಅಕ್ಕ ಪುಡಿಯನ್ನು ಮುಷ್ಟಿಯಲ್ಲಿ ಹಿಂಡಿ, ಬೆರಳ ಸಂದಿಯಿಂದ ನೀರು ಜಿನುಗಿದ್ದನ್ನು ನೋಡಿ, "ಇದು ಕೊಳೆಯುತ್ತದೆ ಅಣ್ಣ, ಒಣಗಲು ಬಿಡಿ" ಎಂದರು. ಸರಿಯಾದ ಮಾತು. ಬೇರಿಗೆ ಉಸಿರಾಡಲು ಗಾಳಿ ಬೇಕು. ಮೊದಲ ಸಲ ಕೊಳೆತದ್ದರಲ್ಲಿ ನನ್ನ ನೀರಿನ ಕೈಯದೂ ಪಾಲಿತ್ತು. ಈ ಸಲ ಅಂಟಿಕೊಳ್ಳುವಷ್ಟೇ ತೇವವಿಟ್ಟು, ಚೀಲದ ಬಾಯಿ ಕಟ್ಟಿ, ಹಲಸಿನ ಮರದ ನೆರಳಿಗೆ ಸಾಗಿಸಿದೆವು.

ಎಳನೀರಿನಲ್ಲಿ ಅದ್ದಿದರೆ ಸಾಲದೇ ಎಂದು ನೆರೆಯವರು ಕೇಳುತ್ತಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಎಳನೀರಿನಲ್ಲಿ ಸೈಟೊಕೈನಿನ್ ಎಂಬ ಇನ್ನೊಂದು ಹಾರ್ಮೋನ್ ಚೆನ್ನಾಗಿಯೇ ಇದೆ. ಆಕ್ಸಿನ್ ಮೇಲುಗೈಯಾದರೆ ಬೇರು, ಸೈಟೊಕೈನಿನ್ ಮೇಲುಗೈಯಾದರೆ ಚಿಗುರು ಎಂದು ವಿಜ್ಞಾನಿಗಳಾದ ಸ್ಕೂಗ್ ಮತ್ತು ಮಿಲ್ಲರ್ 1957ರಲ್ಲೇ ತಂಬಾಕಿನ ಅಂಗಾಂಶದಲ್ಲಿ ತೋರಿಸಿದ್ದಾರೆ. ಎಳನೀರನ್ನು ಕುಡಿಯುವುದು ಮೇಲು.

ಆರನೆಯ ವಾರ ಚೀಲದ ಗೋಡೆಗೆ ಒತ್ತಿಕೊಂಡು ಬಿಳಿ ಬೇರುಗಳು ಕಂಡವು. ಐವತ್ತರಲ್ಲಿ ಮೂವತ್ತೊಂದು. ಅಪ್ಪ ಒಂದನ್ನು ಎತ್ತಿ ಹಿಡಿದು ತಿರುಗಿಸಿ ನೋಡಿ, ಏನೂ ಹೇಳದೆ ಮೂರು ಚೀಲಗಳನ್ನು ಅಂಗಳಕ್ಕೆ ಒಯ್ದರು.

ಜುಲೈಯ ಮಳೆಗೆ ಏಳು ಗಿಡಗಳು ಸೊರಗು ರೋಗಕ್ಕೆ ಹೋದವು. ಬೇರು ಬರಿಸಿದ ಮಾತ್ರಕ್ಕೆ ಆ ರೋಗ ತರುವ ಫೈಟಾಫ್ತೊರಾ ಎಂಬ ರೋಗಾಣು ಬಿಡುತ್ತದೆಯೇ? ಈಗ ಆ ರೋಗವನ್ನೂ ಜೌಗನ್ನೂ ತಡೆಯುವ, ಮೆಣಸಿನ ಕಾಡುಬಂಧುವಾದ ಪೈಪರ್ ಕೊಲುಬ್ರಿನಮ್ ಗಿಡದ ಮೇಲೆ ಅಡ್ಡ ಕೊಂಬೆಯನ್ನು ಕಸಿ ಕಟ್ಟುತ್ತಿದ್ದೇನೆ. ಹೋದ ತಿಂಗಳು ಕಟ್ಟಿದ ಹತ್ತರಲ್ಲಿ ನಾಲ್ಕು ಇನ್ನೂ ಹಸಿರಾಗಿವೆ.