ಗಿಡ್ಡ ಕಾಲಿಗೆ ಯಾವ ಜೀನ್ ಕಾರಣ? ಪತ್ತೆ ಮಾಡುವುದು ಹೀಗೆ

ಶಿರಸಿ ಕಡೆಯ ತೋಟದ ಮನೆಗಳಲ್ಲಿ ಈಗ ಊರ ನಾಯಿಯ ಜೊತೆಗೆ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಡ್ಯಾಶ್‌ಹಂಡ್ ಎಲ್ಲವೂ ಇವೆ. ಊರ ನಾಯಿ ಮಂಗನನ್ನು ಅಟ್ಟಿಸಿಕೊಂಡು ಬೆಟ್ಟದವರೆಗೂ ಓಡುತ್ತದೆ. ಡ್ಯಾಶ್‌ಹಂಡ್‌ಗೆ ಜಗಲಿ ಹತ್ತುವುದೇ ಕಷ್ಟ. ಎರಡಕ್ಕೂ ಇರುವುದು ಅದೇ 39 ಜೊತೆ ಕ್ರೋಮೋಸೋಮ್, ಅಂದರೆ ಜೀನ್‌ಗಳನ್ನು ಹೊತ್ತ ಡಿಎನ್‌ಎ ಎಳೆಗಳು. ಹಾಗಾದರೆ ಕಾಲು ಗಿಡ್ಡ ಮಾಡಿದ್ದು ಯಾವ ಜೀನ್? ಅದನ್ನು ಹುಡುಕುವ ದಾರಿ ಹೈಸ್ಕೂಲು ಮಕ್ಕಳಿಗೂ ಅರ್ಥವಾಗುವಂಥದ್ದು.

ಮೊದಲು ಗುಣವನ್ನು ಆರಿಸಬೇಕು. 'ಇದೆ' ಅಥವಾ 'ಇಲ್ಲ' ಎಂದು ನೋಡಿದ ಕೂಡಲೇ ಹೇಳುವಂತಿದ್ದರೆ ಒಳ್ಳೆಯದು. ಗಿಡ್ಡ ಕಾಲು, ಗುಂಗುರು ಕೂದಲು, ಹಿಂಗಾಲಿನ ಹೆಚ್ಚುವರಿ ಉಗುರು ಇಂಥವು. ಸ್ವಭಾವಕ್ಕೆ ಕೈ ಹಾಕಿದರೆ ಕೆಲಸ ಜಾಸ್ತಿ. 2022ರಲ್ಲಿ ಅಮೆರಿಕದ ವಿಜ್ಞಾನಿಗಳು 18 ಸಾವಿರಕ್ಕೂ ಹೆಚ್ಚು ನಾಯಿಗಳ ಬಗ್ಗೆ ಮಾಲೀಕರಿಂದ ಮಾಹಿತಿ ಪಡೆದರು. ನಾಯಿಗಳ ವರ್ತನೆಯಲ್ಲಿ ಕಾಣುವ ವ್ಯತ್ಯಾಸಕ್ಕೆ ತಳಿ ಕಾರಣವಾಗುವುದು ಶೇ 9ರಷ್ಟು ಮಾತ್ರ ಎಂದು ತಿಳಿಯಿತು. ತಳಿಯ ಹೆಸರು ಹೇಳಿ ಸ್ವಭಾವಕ್ಕೆ ಗ್ಯಾರಂಟಿ ಕೊಟ್ಟು ಮರಿ ಮಾರುವವರನ್ನು ನಂಬಬೇಡಿ.

ಮುಂದಿನದು ನಾಯಿಗಳ ಆಯ್ಕೆ. ಗುಣ ಇರುವವು ಕೆಲವು, ಇಲ್ಲದವು ಕೆಲವು. ಒಂದೇ ಸೂಲಿನ ಮರಿಗಳನ್ನು ಸೇರಿಸಬಾರದು. ಸಾಧ್ಯವಾದರೆ ಎಲ್ಲವೂ ಒಂದೇ ತಳಿಯವಾಗಿರಲಿ. ಯಾಕೆಂದರೆ ಇಂದಿನ ಹೆಚ್ಚಿನ ಜಾತಿ ನಾಯಿಗಳು ಕಳೆದ 200 ವರ್ಷಗಳಲ್ಲಿ, ಕೆಲವೇ ನಾಯಿಗಳಿಂದ ಬೆಳೆದು ಬಂದವು. ಹೊಸ ಇಸ್ಪೀಟು ಕಟ್ಟನ್ನು ಒಂದೆರಡು ಸಲ ಕಲೆಸಿದರೆ ಸಾಲು ಸಾಲು ಎಲೆಗಳು ಹಾಗೇ ಉಳಿಯುತ್ತವೆ ಅಲ್ವಾ? ಇವುಗಳ ಡಿಎನ್‌ಎಯಲ್ಲೂ ಉದ್ದುದ್ದ ತುಣುಕುಗಳು ಒಡೆಯದೇ ಉಳಿದಿವೆ. ಹಾಗಾಗಿ ಕಡಿಮೆ ನಾಯಿಗಳಲ್ಲೇ ಸುಳಿವು ಸಿಗುತ್ತದೆ. 2007ರಲ್ಲಿ ಬಾಕ್ಸರ್ ನಾಯಿಯ ಬಿಳಿ ಬಣ್ಣದ ಹಿಂದಿರುವ ಎಂಐಟಿಎಫ್ ಜೀನಿನ ಜಾಗ ಹಿಡಿಯಲು ಇಪ್ಪತ್ತರ ಆಸುಪಾಸಿನ ನಾಯಿಗಳೇ ಸಾಕಾದವು.

ಮಾದರಿ ತೆಗೆಯುವುದು ಸುಲಭ. ಊಟವಾಗಿ ಸ್ವಲ್ಪ ಹೊತ್ತು ಬಿಟ್ಟು, ಹತ್ತಿ ಕಡ್ಡಿಯಿಂದ ಕೆನ್ನೆಯ ಒಳಭಾಗವನ್ನು ಉಜ್ಜಬೇಕು. ಹಾಲು ಕುಡಿಯುವ ಮರಿಯಾದರೆ ತಾಯಿಯ ಡಿಎನ್‌ಎ ಬೆರೆಯಬಹುದು, ಕಾಯಿರಿ. ನಮ್ಮ ಮಳೆಗಾಲದಲ್ಲಿ ಕಡ್ಡಿಗೆ ಬೂಸ್ಟು ಹಿಡಿಯುವ ಭಯವಿದೆ. ಚೆನ್ನಾಗಿ ಒಣಗಿಸಿ ಕಾಗದದ ಲಕೋಟೆಯಲ್ಲಿಡಿ. ರಕ್ತ ಬೇಕಾದರೆ ಪಶುವೈದ್ಯರೇ ತೆಗೆಯಬೇಕು.

ಇನ್ನು ಪ್ರಯೋಗಾಲಯದ ಕೆಲಸ. 2005ರಲ್ಲಿ ತಾಶಾ ಎಂಬ ಬಾಕ್ಸರ್ ನಾಯಿಯ ಸುಮಾರು 240 ಕೋಟಿ ಅಕ್ಷರಗಳ (ಎ, ಟಿ, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಘಟಕಗಳೇ ಈ ಅಕ್ಷರಗಳು) ಡಿಎನ್‌ಎ ನಕ್ಷೆ ಪ್ರಕಟವಾಯಿತು. ಅದನ್ನೆಲ್ಲ ಪ್ರತಿ ನಾಯಿಯಲ್ಲೂ ಓದಬೇಕಿಲ್ಲ. ಒಂದು ಚಿಪ್‌ನಲ್ಲಿ ಸುಮಾರು 1.7 ಲಕ್ಷ ಜಾಗಗಳನ್ನು ಓದಿದರೆ ಸಾಕು. ಗುಣ ಇರುವ ಗುಂಪಿನಲ್ಲಿ ಯಾವ ಜಾಗದಲ್ಲಿ ಯಾವ ಅಕ್ಷರ ಹೆಚ್ಚಾಗಿದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಇಷ್ಟೊಂದು ಜಾಗ ಹೋಲಿಸುವಾಗ ಕೆಲವು ಸುಮ್ನೆ ಆಕಸ್ಮಿಕವಾಗಿ ಹೊಂದುತ್ತವೆ. ಅದಕ್ಕೇ ನಿಯಮ ಬಿಗಿ. ಆಕಸ್ಮಿಕದ ಸಾಧ್ಯತೆ 34 ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ ಇದ್ದರೆ ಮಾತ್ರ ಆ ಜಾಗವನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

ಸಿಕ್ಕಿದ ಉದ್ದ ತುಣುಕಿನಲ್ಲಿ ಹತ್ತಾರು ಜೀನ್ ಇರಬಹುದು. ಅದನ್ನು ಕಿರಿದು ಮಾಡಲು ಬೇರೆ ಬೇರೆ ತಳಿಗಳು ಬೇಕು. ಗಿಡ್ಡ ಕಾಲಿನ ಕಾರಣ ಹುಡುಕಿದ 2009ರ ಅಧ್ಯಯನದಲ್ಲಿ 76 ತಳಿಗಳ 835 ನಾಯಿಗಳಿದ್ದವು. ಡ್ಯಾಶ್‌ಹಂಡ್, ಕಾರ್ಗಿ, ಬ್ಯಾಸೆಟ್ ಹೌಂಡ್ ಹೀಗೆ ಗಿಡ್ಡ ಕಾಲಿನ ತಳಿಗಳಿಗೆಲ್ಲ 18ನೇ ಕ್ರೋಮೋಸೋಮ್‌ನಲ್ಲಿ ಎಫ್‌ಜಿಎಫ್4 ಜೀನಿನ ಒಂದು ಹೆಚ್ಚುವರಿ ಪ್ರತಿ ಇತ್ತು. 2017ರಲ್ಲಿ 12ನೇ ಕ್ರೋಮೋಸೋಮ್‌ನಲ್ಲೂ ಇಂಥದೇ ಇನ್ನೊಂದು ಪ್ರತಿ ಸಿಕ್ಕಿತು. ಬೆನ್ನುಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ಬೇಗ ಹಾಳಾಗುವುದಕ್ಕೂ ಈ ಎರಡನೆಯದಕ್ಕೂ ನಂಟಿದೆ. ಮನೆಯಲ್ಲಿ ಡ್ಯಾಶ್‌ಹಂಡ್ ಇದ್ದರೆ ಜಗಲಿಯಿಂದ, ಮಂಚದಿಂದ ಹಾರಲು ಬಿಡಬೇಡಿ. ಎತ್ತಿ ಇಳಿಸಿ.

ಮಳೆಗಾಲದಲ್ಲಿ ಉಣುಗು ಹೆಚ್ಚಾದಾಗಲೂ ಈ ಜ್ಞಾನ ಜೀವ ಉಳಿಸುತ್ತದೆ. ಕೋಲಿ ತಳಿಯ ಹಲವು ನಾಯಿಗಳಲ್ಲಿ, ಕೆಲವು ಜರ್ಮನ್ ಶೆಫರ್ಡ್‌ಗಳಲ್ಲೂ, ಎಬಿಸಿಬಿ1 ಜೀನಿನ ನಾಲ್ಕು ಅಕ್ಷರ ಕಳಚಿ ಹೋಗಿವೆ. ಅಂಥ ನಾಯಿಗೆ ಉಣುಗಿನ ಔಷಧವೆಂದು ಐವರ್‌ಮೆಕ್ಟಿನ್ ಜಾಸ್ತಿ ಕೊಟ್ಟರೆ ಔಷಧ ಮಿದುಳಿಗೆ ನುಗ್ಗುತ್ತದೆ, ನಾಯಿ ಸಾಯಲೂಬಹುದು. ಅಂಗಡಿಯಿಂದ ತಂದು ನೀವೇ ಚುಚ್ಚಬೇಡಿ. ತಳಿ ಯಾವುದೆಂದು ಪಶುವೈದ್ಯರಿಗೆ ಮೊದಲೇ ಹೇಳಿ.

ನನಗೆ ಹೆಚ್ಚು ಕಾಳಜಿ ಇರುವುದು ಊರ ನಾಯಿಗಳ ಬಗ್ಗೆ. ಕಂತ್ರಿ ಎಂದು ಕಲ್ಲು ಹೊಡೆಸಿಕೊಳ್ಳುವ, ಕಾರವಾರದ ಬೈತಖೋಲ ಬಂದರಿನಲ್ಲಿ ಮೀನಿನ ಬುಟ್ಟಿಯ ಸುತ್ತ ಸುಳಿಯುವ ನಾಯಿಗಳಲ್ಲಿ ಡಿಎನ್‌ಎ ಸಾವಿರಾರು ವರ್ಷಗಳಿಂದ ಕಲೆಯುತ್ತಾ ಬಂದಿದೆ. ಯಾವ ಜಾತಿ ನಾಯಿಯಲ್ಲೂ ಇಲ್ಲದ ವೈವಿಧ್ಯ ಇವುಗಳಲ್ಲಿದೆ. ತುಣುಕುಗಳು ಸಣ್ಣವಾದ್ದರಿಂದ ಕೊನೆಯ ಹಂತದಲ್ಲಿ ಜೀನಿನ ನಿಖರ ಜಾಗ ತೋರಿಸಲು ಇವೇ ಬೇಕು. ಆದರೆ ಇವುಗಳ ಗುಣಗಳನ್ನು ಬರೆದಿಟ್ಟವರು ತೀರಾ ಕಡಿಮೆ.

ಆ ಕೆಲಸ ನೀವು ಮಾಡಬಹುದು. ನಿಮ್ಮ ಕೇರಿಯ ನಾಯಿ ಮರಿ ಹಾಕಿದಾಗ ತಾಯಿಯ ಬಣ್ಣ, ಗೊತ್ತಿದ್ದರೆ ತಂದೆಯದು, ಪ್ರತಿ ಮರಿಯ ಬಣ್ಣ, ಬಿಳಿ ಮಚ್ಚೆಯ ಜಾಗ, ಹಿಂಗಾಲಿನ ಉಗುರು ಬರೆದುಕೊಳ್ಳಿ. ಮರಿ ವರ್ಷದ್ದಾದ ಮೇಲೆ ನೆಲದಿಂದ ಭುಜದವರೆಗಿನ ಎತ್ತರವನ್ನು ಟೇಪಿನಲ್ಲಿ ಅಳೆದು, ಫೋಟೊದ ಹಿಂದೆ ತಾರೀಖಿನ ಜೊತೆ ಬರೆದಿಡಿ.