ಹಸಿರು ದೀಪದ ನಾಡಿ ಲೆಕ್ಕ: ಸ್ಮಾರ್ಟ್‌ವಾಚ್ ಸರಿಯಾಗಿ ಎಣಿಸಬೇಕಾದರೆ

ಕೈಯಲ್ಲಿರುವ ಸ್ಮಾರ್ಟ್‌ವಾಚನ್ನು ಬಿಚ್ಚಿ ಬೆನ್ನು ನೋಡಿ. ಗಾಜಿನೊಳಗೆ ಹಸಿರು ದೀಪ ಮಿನುಗುತ್ತಿರುತ್ತದೆ. ವಾಚು ಹೃದಯದ ಸದ್ದು ಕೇಳುವುದಿಲ್ಲ, ನಾಡಿಯನ್ನು ಮುಟ್ಟಿಯೂ ನೋಡುವುದಿಲ್ಲ, ಅದಕ್ಕಿರುವುದು ಬೆಳಕೊಂದೇ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೃದಯ ಒಮ್ಮೆ ಬಡಿದಾಗ ಚರ್ಮದಡಿಯ ಸಣ್ಣ ರಕ್ತನಾಳಗಳು ತುಂಬಿಕೊಂಡು, ಮರಳಿ ಬರುವ ಬೆಳಕು ತುಸು ಕುಗ್ಗುತ್ತದೆ. ಎರಡು ಬಡಿತಗಳ ನಡುವೆ ಮತ್ತೆ ಹೆಚ್ಚುತ್ತದೆ. ದೀಪದ ಪಕ್ಕದ ಸಂವೇದಕ ಹಿಡಿಯುವುದು ಈ ಏರಿಳಿತವನ್ನು. ಅದು ಎಷ್ಟು ಸೂಕ್ಷ್ಮವೆಂದರೆ, ಬೆಳಕಿನ ಒಟ್ಟು ಪ್ರಮಾಣದಲ್ಲಿ ಸಾಮಾನ್ಯವಾಗಿ ಶೇಕಡಾ ಒಂದೆರಡರಷ್ಟು. ವಾಚು ತಪ್ಪುವುದೆಲ್ಲ ಈ ಇಕ್ಕಟ್ಟಿನಲ್ಲೇ.

ಹಾಗಾಗಿ ಮೊದಲ ಕೆಲಸ ಪಟ್ಟಿಯದು. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಿನಷ್ಟು ಮೇಲಕ್ಕೆ ಕಟ್ಟಿ. ಬಳೆಯಂತೆ ಸಡಿಲವಾಗಿ ತೂಗಿದರೆ ಹೊರಗಿನ ಬೆಳಕು ಸಂದಿಯಲ್ಲಿ ನುಸುಳುತ್ತದೆ. ಅಚ್ಚು ಮೂಡುವಷ್ಟು ಬಿಗಿದರೆ ರಕ್ತದ ಹರಿವಿಗೇ ಅಡ್ಡಿ. ಸಂವೇದಕದ ಕೆಳಗೆ ಗಾಢ ಬಣ್ಣದ ಹಚ್ಚೆ ಇದ್ದರೆ ಕೈ ಬದಲಿಸಿ.

ನಂತರ ಮೊಬೈಲ್ ಆ್ಯಪ್‌ನಲ್ಲಿ ಎಷ್ಟು ಹೊತ್ತಿಗೊಮ್ಮೆ ಅಳೆಯಬೇಕೆಂಬ ಆಯ್ಕೆ ಇದೆಯೇ ಎಂದು ಹುಡುಕಿ. ‘ದಿನವಿಡೀ’ ಎಂದು ಹೇಳಿಕೊಳ್ಳುವ ಎಲ್ಲ ಸಾಧನಗಳೂ ಪ್ರತಿ ಕ್ಷಣ ಅಳೆಯುವುದಿಲ್ಲ. ಬ್ಯಾಟರಿ ಉಳಿಸಲು ಕೆಲವು ನಾಲ್ಕಾರು ನಿಮಿಷಕ್ಕೊಮ್ಮೆ, ಅದೂ ಕೈ ಅಲುಗಾಡದಿರುವಾಗ, ಇಣುಕಿ ನೋಡುತ್ತವೆ. ವ್ಯಾಯಾಮದ ಮೋಡ್ ಆರಂಭಿಸಿದರೆ ಮಾತ್ರ ಎಡೆಬಿಡದೆ ಎಣಿಸುತ್ತವೆ. ನಡಿಗೆಗೆ ಹೊರಡುವಾಗ ಆ ಗುಂಡಿ ಒತ್ತಲು ಮರೆತು, ಆಮೇಲೆ ಗ್ರಾಫಿನಲ್ಲಿ ಕಂಡಿಗಳಿವೆ ಎಂದು ವಾಚನ್ನು ಬೈಯುವವರಲ್ಲಿ ನಾನೂ ಒಬ್ಬ.

ಈಗ ಅದನ್ನು ಒರೆಗೆ ಹಚ್ಚೋಣ. ಐದು ನಿಮಿಷ ಸುಮ್ಮನೆ ಕುಳಿತು, ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಿ. ಹೆಬ್ಬೆರಳಿನಿಂದ ಹಿಡಿಯಬೇಡಿ, ಅದರದೇ ನಾಡಿ ಲೆಕ್ಕ ಕೆಡಿಸೀತು. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ವಾಚಿನ ಸಂಖ್ಯೆ ಮೂರು ನಾಲ್ಕು ಬಡಿತ ಆಚೀಚೆ ಇದ್ದರೆ ಚಿಂತೆಯಿಲ್ಲ.

ಓಟದಲ್ಲಿ ಮಾತ್ರ ವಾಚಿಗೆ ನಿಜವಾದ ಪರೀಕ್ಷೆ. ಕೈ ಬೀಸಿದಂತೆಲ್ಲ ರಕ್ತವೂ ಅಲುಗುತ್ತದೆ, ವಾಚೂ ಅಲುಗುತ್ತದೆ. ಒಳಗಿರುವ ಚಲನೆಯ ಸಂವೇದಕದ ನೆರವಿನಿಂದ ಈ ಗದ್ದಲವನ್ನು ಕಳೆಯುವ ಪ್ರಯತ್ನ ನಡೆಯುತ್ತದಾದರೂ, ಕೆಲವೊಮ್ಮೆ ವಾಚು ಬಡಿತ ಬಿಟ್ಟು ಹೆಜ್ಜೆಯನ್ನೇ ಎಣಿಸತೊಡಗುತ್ತದೆ! ನಿಮಿಷಕ್ಕೆ 165 ಹೆಜ್ಜೆ ಹಾಕುತ್ತಾ ಆರಾಮವಾಗಿ ಮಾತಾಡಿಕೊಂಡು ಓಡುತ್ತಿರುವಾಗ ಬಡಿತವೂ 165 ಎಂದು ತೋರಿಸಿದರೆ ಅನುಮಾನಿಸಿ. ವಾಚನ್ನು ಎರಡು ಮೂರು ಬೆರಳಿನಷ್ಟು ಮೇಲೇರಿಸಿ, ಪಟ್ಟಿ ಒಂದು ತೂತು ಬಿಗಿ ಮಾಡಿ, ಅರ್ಧ ನಿಮಿಷ ನಿಂತು ನೋಡಿ. ಚಳಿಯಲ್ಲಿ ಚರ್ಮದ ರಕ್ತನಾಳಗಳು ಕುಗ್ಗುವುದರಿಂದ ಮೊದಲು ಮೈ ಬೆಚ್ಚಗಾಗಲಿ. ತೂಕ ಎತ್ತುವಾಗ, ಸೈಕಲ್ಲಿನ ಹ್ಯಾಂಡಲ್ ಬಿಗಿಯಾಗಿ ಹಿಡಿದಾಗಲೂ ಇದೇ ತೊಂದರೆ. ಅಂಥ ಹೊತ್ತಿಗೆ ಎದೆಗೆ ಕಟ್ಟುವ ಪಟ್ಟಿಯೇ ಮೇಲು: ಅದು ಬೆಳಕನ್ನಲ್ಲ, ಹೃದಯದ ವಿದ್ಯುತ್ ಸಂಕೇತವನ್ನು ಹಿಡಿಯುತ್ತದೆ.

ಇನ್ನು ಗ್ರಾಫ್ ಓದುವುದು. ಒಂದು ಕ್ಷಣದ ಸಂಖ್ಯೆಯ ಬೆನ್ನು ಬೀಳಬೇಡಿ. ವಿಶ್ರಾಂತಿಯ ಬಡಿತವನ್ನು ಕೆಲವು ವಾರ ಗಮನಿಸಿ. ವಯಸ್ಕರಲ್ಲಿ 60ರಿಂದ 100 ಸಾಮಾನ್ಯ. ಪಳಗಿದ ಓಟಗಾರರಲ್ಲಿ 40ರ ಆಸುಪಾಸಿಗೂ ಇಳಿಯಬಹುದು. ನಿದ್ದೆಗೆಟ್ಟ ಮರುದಿನ, ಜ್ವರ ಬಂದಾಗ ಅದು ಏರುವುದು ಸಹಜ. ಕಾರಣವಿಲ್ಲದೆ ಹಲವು ದಿನ ಏರಿಯೇ ಇದ್ದರೆ, ಬಡಿತ ತಾಳ ತಪ್ಪುತ್ತಿದೆ ಎನಿಸಿದರೆ ವೈದ್ಯರಿಗೆ ಆ ಗ್ರಾಫ್ ತೋರಿಸಿ. ಎದೆನೋವು, ಉಸಿರಾಟದ ತೊಂದರೆ, ತಲೆ ಸುತ್ತಿ ಬೀಳುವಂತಾದಾಗ ವಾಚು ಏನು ಹೇಳುತ್ತದೆ ಎಂದು ನೋಡುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ.

ಅಂದ ಹಾಗೆ, ಆ ಗಾಜನ್ನು ಕೊನೆಯ ಬಾರಿ ಒರೆಸಿದ್ದು ಯಾವಾಗ? ಬೆವರು, ಸೋಪಿನ ಪೊರೆ ಕಟ್ಟಿದ್ದರೆ ಒದ್ದೆ ಮೆತ್ತನೆಯ ಬಟ್ಟೆಯಿಂದ ಒರೆಸಿ, ಮಣಿಕಟ್ಟೂ ಒಣಗಿದ ಮೇಲೆ ಕಟ್ಟಿಕೊಳ್ಳಿ.