ಮತ ಬದಲಿಸದೆ ಮದುವೆಯಾಗುವುದು ಹೇಗೆ

ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ನನ್ನ ವಕೀಲಿ ಕಚೇರಿಗೆ ಬಂದರೆ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಮೇಡಂ, ನಮ್ಮಿಬ್ಬರಲ್ಲಿ ಯಾರು ಮತಾಂತರ ಆಗಬೇಕು?’ ಯಾರೂ ಆಗಬೇಕಾಗಿಲ್ಲ. 1954ರ ವಿಶೇಷ ವಿವಾಹ ಕಾಯ್ದೆ ಇರುವುದೇ ಅದಕ್ಕೆ. ಬ್ರಿಟಿಷರ ಕಾಲದ 1872ರ ಕಾಯ್ದೆಯಲ್ಲಿ, ನಾನು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರೈಸ್ತ ಅಲ್ಲ ಎಂದು ಬರೆದುಕೊಟ್ಟರೆ ಮಾತ್ರ ಮದುವೆ. ಆ ಅವಮಾನವನ್ನು ಸ್ವತಂತ್ರ ಭಾರತ ತೆಗೆದುಹಾಕಿತು. ಮದುವೆಗಾಗಿ ಮಾತ್ರ ಮತ ಬದಲಿಸಲು ಹೊರಟವರನ್ನು ನಾನು ಕೂರಿಸಿ ಈ ಮಾತನ್ನು ಹೇಳದೆ ಕಳುಹಿಸುವುದಿಲ್ಲ.

ದೇವಸ್ಥಾನದಲ್ಲಿ ತಾಳಿ ಕಟ್ಟಿ ಹಿಂದೂ ವಿವಾಹ ಕಾಯ್ದೆಯಡಿ ನೋಂದಾಯಿಸಿಕೊಳ್ಳಬಹುದು ಎಂದು ಯಾರಾದರೂ ಸಲಹೆ ಕೊಟ್ಟರೆ ನಂಬಬೇಡಿ. ಆ ಕಾಯ್ದೆಗೆ ಇಬ್ಬರೂ ಹಿಂದೂಗಳಾಗಿರಬೇಕು (ಬೌದ್ಧ, ಜೈನ, ಸಿಖ್ಖರನ್ನೂ ಅದು ಹಿಂದೂಗಳೆಂದೇ ಎಣಿಸುತ್ತದೆ). ಕುವೆಂಪು ರೂಪಿಸಿದ ಸರಳ ಮದುವೆ, ಮಂತ್ರ ಮಾಂಗಲ್ಯದ ರೀತಿಯಲ್ಲಿ ಮದುವೆಯಾದರೂ ಅಷ್ಟೆ, ಧರ್ಮ ಬೇರೆಯಾಗಿದ್ದರೆ ವಿಶೇಷ ವಿವಾಹ ಕಾಯ್ದೆಯ ಬಾಗಿಲನ್ನೇ ತಟ್ಟಬೇಕು.

ನಮ್ಮ ಕರ್ನಾಟಕದಲ್ಲಿ ಉಪನೋಂದಣಾಧಿಕಾರಿಯೇ ವಿವಾಹಾಧಿಕಾರಿ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಮದುವೆಯಾಗುತ್ತೇವೆಂದು ಅಧಿಕಾರಿಗೆ ಲಿಖಿತ ನೋಟಿಸು ಕೊಡಬೇಕು; ಇಬ್ಬರಲ್ಲಿ ಒಬ್ಬರಾದರೂ ಅದಕ್ಕೂ ಮುನ್ನ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಾಗಿರಬೇಕು. ವಯಸ್ಸು ಮತ್ತು ವಿಳಾಸದ ದಾಖಲೆ, ಭಾವಚಿತ್ರ, ಅವಿವಾಹಿತರೆಂಬ ಅಫಿಡವಿಟ್ ಸಿದ್ಧವಿರಲಿ. ವಿಚ್ಛೇದನ ಆಗಿದ್ದರೆ ತೀರ್ಪಿನ ಪ್ರತಿ, ಸಂಗಾತಿ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಬೇಕು.

ಕಷ್ಟವಿರುವುದು ನೋಟಿಸು ಕೊಟ್ಟ ನಂತರದ 30 ದಿನಗಳಲ್ಲಿ. ನಿಮ್ಮ ಹೆಸರು, ವಿಳಾಸವಿರುವ ಆ ಹಾಳೆಯನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. ನಿಮ್ಮಲ್ಲಿ ಒಬ್ಬರ ಕಾಯಂ ವಾಸ ಬೇರೆ ಜಿಲ್ಲೆಯಲ್ಲಿದ್ದರೆ ಒಂದು ಪ್ರತಿ ಅಲ್ಲಿಗೂ ಹೋಗುತ್ತದೆ. ನನ್ನ ಕಕ್ಷಿದಾರಳೊಬ್ಬಳು, ನರ್ಸ್ ಆಗಿದ್ದವಳು, ಇನ್ನೂ ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ಆ ಹಾಳೆಯ ಫೋಟೊ ಸಂಜೆಯೊಳಗೆ ಅವಳ ಚಿಕ್ಕಪ್ಪನ ಮೊಬೈಲಿಗೆ ತಲುಪಿತ್ತು. ಪುರೋಹಿತರ ಮುಂದೆ, ಖಾಜಿಗಳ ಮುಂದೆ, ಚರ್ಚಿನಲ್ಲಿ ತಮ್ಮ ತಮ್ಮ ಪದ್ಧತಿಯಂತೆ ಮದುವೆಯಾಗುವವರು ಯಾರೂ ಸರ್ಕಾರಿ ಕಚೇರಿಯ ಗೋಡೆಯ ಮೇಲೆ ಹೆಸರು ಹಾಕಿಸಿಕೊಂಡು ತಿಂಗಳು ಕಾಯಬೇಕಿಲ್ಲ. ಈ ಕಾಯ್ದೆಯ ಬಾಗಿಲು ತಟ್ಟಿದವರಿಗೆ ಮಾತ್ರ ಕಾನೂನು ಈ ಪರೀಕ್ಷೆ ಇಟ್ಟಿದೆ. ಇದು ಅನ್ಯಾಯ ಎಂದೇ ನನ್ನ ನಿಲುವು. 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟ್, ಜೋಡಿ ಲಿಖಿತವಾಗಿ ಕೇಳಿಕೊಳ್ಳದ ಹೊರತು ನೋಟಿಸನ್ನು ಪ್ರಕಟಿಸುವಂತಿಲ್ಲ ಎಂದು ಹೇಳಿತು. ಆದರೆ ಅದು ನಮ್ಮ ಅಧಿಕಾರಿಗಳನ್ನು ಕಟ್ಟಿಹಾಕುವ ತೀರ್ಪಲ್ಲ.

ಹಾಗಾಗಿ ನೋಟಿಸು ಕೊಡುವ ಮೊದಲೇ ತಯಾರಾಗಿ. ಮನೆಯವರಿಗೆ ತಿಳಿಸಬೇಕೆಂದಿದ್ದರೆ ಮೊದಲೇ ನೀವೇ ಹೇಳಿ, ಗೋಡೆಯ ಹಾಳೆಯಿಂದ ತಿಳಿಯುವುದು ಬೇಡ. ಮೂಲ ದಾಖಲೆಗಳನ್ನು ನಂಬಿಕಸ್ಥ ಗೆಳೆಯರಲ್ಲಿ ಇಡಿ. ಬೆದರಿಕೆ ಇದ್ದರೆ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಪೊಲೀಸರು ಕೈಚೆಲ್ಲಿದರೆ ರಕ್ಷಣೆ ಕೋರಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. 2018ರ ಶಕ್ತಿವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಜೋಡಿಗಳಿಗೆ ರಕ್ಷಣೆ, ಸುರಕ್ಷಿತ ವಸತಿಯ ಬಗ್ಗೆ ನಿರ್ದೇಶನ ಕೊಟ್ಟಿದೆ. ವಯಸ್ಕರು ತಮ್ಮಿಷ್ಟದವರನ್ನು ಮದುವೆಯಾಗುವುದು ಮೂಲಭೂತ ಹಕ್ಕು ಎಂದು 2020ರ ನವೆಂಬರಿನಲ್ಲಿ ನಮ್ಮ ಹೈಕೋರ್ಟೇ ಹೇಳಿದೆ.

ಆಕ್ಷೇಪಣೆ ಬಂದರೆ ಹೆದರಬೇಡಿ. ಇಬ್ಬರಲ್ಲಿ ಒಬ್ಬರ ಹಿಂದಿನ ಸಂಗಾತಿ ಬದುಕಿದ್ದು ಆ ಮದುವೆ ಊರ್ಜಿತವಾಗಿದೆ, ವಯಸ್ಸು ಸಾಲದು, ಒಪ್ಪಿಗೆ ಕೊಡುವ ಮಾನಸಿಕ ಸ್ಥಿತಿಯಿಲ್ಲ, ನಿಷೇಧಿತ ಹತ್ತಿರದ ಸಂಬಂಧವಿದೆ ಎಂಬಂಥವು ಮಾತ್ರ ಆಕ್ಷೇಪಣೆಗಳು. ‘ನಮ್ಮ ಧರ್ಮಕ್ಕೆ ಒಪ್ಪುವುದಿಲ್ಲ’ ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಅಧಿಕಾರಿ 30 ದಿನಗಳಲ್ಲಿ ವಿಚಾರಣೆ ಮುಗಿಸಬೇಕು. ಮದುವೆ ಮಾಡಿಸಲು ನಿರಾಕರಿಸಿದರೆ ಜಿಲ್ಲಾ ನ್ಯಾಯಾಲಯಕ್ಕೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಆಕ್ಷೇಪಣೆ ಇಲ್ಲದಿದ್ದರೆ, ನೋಟಿಸು ಕೊಟ್ಟ ಮೂರು ತಿಂಗಳೊಳಗೆ ಮದುವೆ ನಡೆಯಬೇಕು, ತಪ್ಪಿದರೆ ಮತ್ತೆ ಹೊಸ ನೋಟಿಸು.

ಮದುವೆಯ ದಿನ ಮೂವರು ಸಾಕ್ಷಿಗಳು ಬೇಕು. ಹಾರ ಬದಲಿಸಿ, ತಾಳಿ ಕಟ್ಟಿ, ಉಂಗುರ ತೊಡಿಸಿ, ಯಾವ ರೀತಿಯಲ್ಲಾದರೂ ಆಗಿ, ಕಾನೂನಿನ ಅಡ್ಡಿಯಿಲ್ಲ. ಆದರೆ ಅಧಿಕಾರಿ ಮತ್ತು ಸಾಕ್ಷಿಗಳ ಎದುರು, ಪರಸ್ಪರರನ್ನು ಕಾನೂನುಬದ್ಧ ಪತಿ, ಪತ್ನಿಯಾಗಿ ಸ್ವೀಕರಿಸುತ್ತೇವೆ ಎಂದು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಹೇಳಲೇಬೇಕು. ಆ ಮಾತು ಇಲ್ಲದೆ ಮದುವೆ ಪೂರ್ಣವಾಗುವುದಿಲ್ಲ. ಕನ್ನಡದಲ್ಲೇ ಹೇಳಿ.

ಪ್ರಮಾಣಪತ್ರ ಸಿಕ್ಕ ಸಂಭ್ರಮದಲ್ಲಿ ಹೆಚ್ಚಿನವರು ಆಸ್ತಿಯ ವಿಷಯ ಮರೆತುಬಿಡುತ್ತಾರೆ. ಅವಿಭಕ್ತ ಕುಟುಂಬದ ಹಿಂದೂ ಬೇರೆ ಧರ್ಮದವರನ್ನು ಹೀಗೆ ಮದುವೆಯಾದರೆ ಕುಟುಂಬದಿಂದ ಬೇರ್ಪಟ್ಟಂತೆ. ಪಾಲು ಕಳೆದುಹೋಗುವುದಿಲ್ಲ, ಪಾಲು ಬೇರೆಯಾಗುತ್ತದೆ. ‘ನಿನಗೇನೂ ಇಲ್ಲ’ ಎಂದು ಅಣ್ಣತಮ್ಮಂದಿರು ಹೇಳಿದರೆ ಸುಮ್ಮನಾಗಬೇಡಿ. ಮುಂದೆ ನಿಮ್ಮ ಉತ್ತರಾಧಿಕಾರ ನಡೆಯುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ. ಕಾಸರಗೋಡು ಜಿಲ್ಲೆಯ ವಕೀಲ, ನಟ ಸಿ. ಶುಕ್ಕೂರ್ ಮತ್ತು ಪತ್ನಿ ಶೀನಾ, ಇಬ್ಬರೂ ಮುಸ್ಲಿಮರೇ, 2023ರ ಮಾರ್ಚ್ 8ರಂದು ಅದೇ ಜಿಲ್ಲೆಯ ಹೊಸದುರ್ಗದ ಉಪನೋಂದಣಿ ಕಚೇರಿಯಲ್ಲಿ ವಿಶೇಷ ವಿವಾಹ ಕಾಯ್ದೆಯಡಿ ಮತ್ತೆ ಮದುವೆಯಾದದ್ದು ಇದೇ ಕಾರಣಕ್ಕೆ: ಮೂವರೂ ಹೆಣ್ಣುಮಕ್ಕಳು, ಮುಸ್ಲಿಂ ವೈಯಕ್ತಿಕ ಕಾನೂನಿನಂತೆ ಒಂದು ಭಾಗ ಬೇರೆ ಬಂಧುಗಳಿಗೆ ಹೋಗದೆ ಆಸ್ತಿ ಪೂರ್ತಿ ಅವರಿಗೇ ಸೇರಲೆಂದು.

ಆದರೆ ಆ ಉತ್ತರಾಧಿಕಾರ ಕಾಯ್ದೆಯಲ್ಲೂ ಒಂದು ತೊಡಕಿದೆ. ಮಕ್ಕಳಿಲ್ಲದೆ, ಉಯಿಲು ಬರೆಯದೆ ಗಂಡ ತೀರಿಕೊಂಡರೆ ಹೆಂಡತಿಗೆ ಅರ್ಧ ಪಾಲು. ಉಳಿದರ್ಧ ಅವನ ರಕ್ತಸಂಬಂಧಿಗಳಿಗೆ, ಎಂದರೆ ಮದುವೆಯನ್ನು ವಿರೋಧಿಸಿದವರಿಗೇ ಹೋಗಬಹುದು. ಹೆಂಡತಿ ಮೊದಲು ಹೋದರೂ ನಿಯಮ ಅದೇ. ಆದ್ದರಿಂದ ಮದುವೆಯಾದ ವಾರದಲ್ಲೇ ಇಬ್ಬರೂ ಇಬ್ಬಿಬ್ಬರು ಸಾಕ್ಷಿಗಳ ಮುಂದೆ ಉಯಿಲು ಬರೆದು ಸಹಿ ಹಾಕಿ.